ಬಡಿಯುವ ಮೊದಲೇ ತಿಳಿದ ಕೈ

ಕಳೆದ ತಿಂಗಳು ಉರ್ವದ ನಮ್ಮ ಮನೆಯ ಹಿಂಬದಿಯ ಮಾಡಿಗೆ ಹಂಚು ಬದಲಿಸಲು ಮೇಸ್ತ್ರಿ ಬಂದಿದ್ದ. ಕೆಳಗೆ ರಾಶಿ ಹಾಕಿದ್ದ ಹಳೆಯ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟು, ಆಮೇಲೆ ಮೇಲಿದ್ದವನಿಗೆ ದಾಟಿಸುತ್ತಿದ್ದ. ಟಿಣ್, ಟಿಣ್, ಟಿಣ್, ಟಪ್. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನಾನು ಅದನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದೆ. ಅರವತ್ತು ದಾಟಿದ ಹೆಂಗಸು ಹೀಗೆ ಓಡಿ ಬಂದದ್ದು ನೋಡಿ ಅವನಿಗೆ ಗಾಬರಿ.

"ಎಂತ ಆಯ್ತು ಅಕ್ಕ?"

"ಎಂತದೂ ಇಲ್ಲ ಮಾರಾಯ, ನೀನು ಬಡಿ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಫಿ ಆರಿ ತಣ್ಣಗಾಯಿತು. ಆ ಶಬ್ದಕ್ಕೆ ನನ್ನ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ. ಅದಕ್ಕೆ ಕಾರಣ ಎಂಬತ್ತೈದರ ಬೇಸಿಗೆ.

ಆಗ ನನಗೆ ಇಪ್ಪತ್ತಮೂರು. ಕೊಡಿಯಾಲ್‌ಬೈಲಿನ ಕಡೆಯ ಒಂದು ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಸಂಶೋಧನೆ ಎಂದರೆ ಕಪ್ಪೆ. ಕಪ್ಪೆಯ ಕಾಲಿನ ಸ್ನಾಯುವಿಗೆ ವಿದ್ಯುತ್ತಿನ ಪೆಟ್ಟು ಕೊಡುವುದು, ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಅದು ಗೀಚುವ ಗೆರೆಯನ್ನು ಅಳೆಯುವುದು. ಲ್ಯಾಬಿನಲ್ಲಿ ಯಾವಾಗಲೂ ಸೀಮೆಎಣ್ಣೆ ಹೊಗೆಯ ವಾಸನೆ. ಮನೆಗೆ ಹೋದರೆ ಅಮ್ಮ, ಮೊದಲು ಮೂಗಿನ ತುದಿ ತೊಳಿ ಎನ್ನುತ್ತಿದ್ದರು. ನಾನೂ ಕಪ್ಪೆ ಹಿಡಿದೇ ಪಾಸಾಗಬೇಕಾದವಳು. ಆದರೆ ಫೆಬ್ರವರಿಯಲ್ಲಿ ಲೈಬ್ರರಿಯಲ್ಲಿ ಒಂದು ವಿದೇಶಿ ಪತ್ರಿಕೆಯ ಜೆರಾಕ್ಸ್ ಪ್ರತಿ ಕೈಗೆ ಸಿಕ್ಕಿತು. ಯಾರೋ ಅರ್ಧ ಓದಿ ಬೇರೆ ಪುಸ್ತಕದೊಳಗೆ ಮರೆತು ಹೋದದ್ದು.

ಅದರಲ್ಲಿ ಇದ್ದದ್ದು ಇಷ್ಟು. ಮೆದುಳಿನ ಒಂದೊಂದು ನರಕೋಶಕ್ಕೂ ದೊಡ್ಡ ಬುದ್ಧಿ ಏನಿಲ್ಲ. ಅದು ನೆರೆಹೊರೆಯವರ ಮಾತು ಕೇಳಿ ಹೌದು ಅಥವಾ ಅಲ್ಲ ಎನ್ನುತ್ತದೆ. ಆದರೆ ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಎನ್ನುವುದನ್ನು ಪ್ರತಿ ತಪ್ಪಿನ ನಂತರವೂ ಚೂರುಚೂರೇ ತಿದ್ದಿಕೊಳ್ಳುತ್ತದೆ. ಕಲಿಯುವುದು ಎಂದರೆ ಆ ತೂಕಗಳು ಬದಲಾಗುವುದು. ಕೂಡಿಸಿ ಗುಣಿಸಲು ಬಂದರೆ ಸಾಕು, ಮೆದುಳು ಕಲಿಯುವ ಬಗೆಯನ್ನು ಕಾಗದದ ಮೇಲೆ ಬರೆಯಬಹುದು! ನಾನು ಅದನ್ನು ನಿಂತುಕೊಂಡೇ ಓದಿದೆ. ಮತ್ತೊಮ್ಮೆ ಓದಿದೆ. ಬಸ್ಸಿನಲ್ಲಿ ಓದುತ್ತ ಉರ್ವದ ಸ್ಟಾಪು ದಾಟಿ ಹೋಗಿ, ಬಿಸಿಲಿನಲ್ಲಿ ಒಂದು ಮೈಲಿ ವಾಪಸ್ಸು ನಡೆದೆ. ನನಗೆ ಜ್ವರ ಬಂದಿದೆಯೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದರು.

ನನ್ನ ಗೈಡ್ ಡಾಕ್ಟರ್ ಕಾಮತರು ಕೆಟ್ಟವರಲ್ಲ, ಆದರೆ ಕಪ್ಪೆಯ ಮನುಷ್ಯ. ಮೂವತ್ತು ವರ್ಷ ಕಪ್ಪೆಯನ್ನು ನಂಬಿ ಬಾಳಿದವರು. ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿ ಕನ್ನಡಕ ಒರೆಸಿಕೊಂಡರು.

"ಕಪ್ಪೆ ಉಂಟು, ಡ್ರಮ್ ಉಂಟು, ಎಲ್ಲ ಉಂಟು. ನಿನಗೆ ಈ ಲೆಕ್ಕದ ಉಸಾಬರಿ ಎಂತಕ್ಕೆ ನಳಿನಿ?"

"ಸಾರ್, ಕಪ್ಪೆ ಹೇಗೆ ಒದೀತದೆ ಅಂತ ಎಲ್ಲರಿಗೂ ಗೊತ್ತುಂಟು. ಮನುಷ್ಯ ಹೇಗೆ ಕಲೀತಾನೆ ಅಂತ ಯಾರಿಗೂ ಗೊತ್ತಿಲ್ಲ."

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಮೇ ಕೊನೆಗೆ ಕಮಿಟಿ ಕೂರ್ತದೆ. ಅಷ್ಟರೊಳಗೆ ಮೆದುಳು ಮಾಡುವ ಒಂದೇ ಒಂದು ಕೆಲಸವನ್ನು ನಿನ್ನ ಲೆಕ್ಕದ ಕೈಯಲ್ಲಿ ಮಾಡಿಸಿ ತೋರಿಸು. ತೋರಿಸಿದರೆ ಆ ವಿಷಯ ನಿನ್ನದು. ಆಗದಿದ್ದರೆ ಕಪ್ಪೆ, ಮತ್ತೆ ಮಾತಿಲ್ಲ."

ಒಪ್ಪಿಕೊಂಡು ಹೊರಗೆ ಬಂದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಹೆದರಿಕೆ ಶುರುವಾಯಿತು. ಯಾವ ಕೆಲಸ? ಯಾವ ಯಂತ್ರ? ನನ್ನ ಹತ್ತಿರ ಇದ್ದದ್ದು ಒಂದು ಜೆರಾಕ್ಸು ಮತ್ತು ಬಾಯಿ.

ಕೆಲಸವೇನೋ ನನ್ನ ಕಿವಿಯಲ್ಲೇ ಇತ್ತು. ನಮ್ಮ ಮನೆಯಿಂದ ಹೊಳೆಯ ಕಡೆಗೆ ಹತ್ತು ನಿಮಿಷ ನಡೆದರೆ ಒಂದು ಹಂಚಿನ ಫ್ಯಾಕ್ಟರಿ. ಹಂಚು ಸುಡುವ ಗೂಡು ತೆರೆದ ದಿನ ಅಲ್ಲಿಂದ ಟಿಣ್ ಟಿಣ್ ಎಂದು ಕೇಳುವುದು ಚಿಕ್ಕಂದಿನಿಂದ ರೂಢಿ. ಬೆಂದ ಹಂಚನ್ನು ಬಡಿದು ನೋಡುವ ಶಬ್ದ ಅದು. ಗಟ್ಟಿ ಹಂಚು ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಬಿರುಕು ಬಿಟ್ಟದ್ದು ಟಪ್ ಎನ್ನುತ್ತದೆ. ಮಾರ್ಚಿನ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಆ ಶಬ್ದ ಕೇಳುತ್ತಿದ್ದವಳು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಿಂತೆ. ಅಲ್ಲಿ ಒಂದು ಮೆದುಳು ದಿನವಿಡೀ ಕೂತು ಹೌದು, ಹೌದು, ಅಲ್ಲ, ಹೌದು ಎನ್ನುತ್ತಿದೆಯಲ್ಲ! ನನಗೆ ಬೇಕಾದದ್ದು ಇದೇ. ಬಾಯಿ ಮುಕ್ಕಳಿಸಿದೆನೋ ಇಲ್ಲವೋ, ಫ್ಯಾಕ್ಟರಿಗೆ ಓಡಿದೆ.

ಆ ಮೆದುಳಿನ ಒಡತಿ ಗುಲಾಬಿ ಅಕ್ಕ. ಐವತ್ತರ ಆಸುಪಾಸಿನ ಹೆಂಗಸು. ತಲೆಗೆ ಟವಲು, ತುಟಿಯಲ್ಲಿ ವೀಳ್ಯದ ಕೆಂಪು. ಗೂಡಿನ ಬಾಯಿಯಲ್ಲಿ ಒಲೆಯ ಮುಂದೆ ನಿಂತಷ್ಟು ಕಾವು. ಒದ್ದೆ ಮಣ್ಣಿನ ತಂಪು ವಾಸನೆ ಒಂದು ಕಡೆಯಿಂದ, ಸೌದೆಯ ಹೊಗೆ ಇನ್ನೊಂದು ಕಡೆಯಿಂದ. ಆಕೆ ಎಡಗೈಯಲ್ಲಿ ಅಟ್ಟಿಯಿಂದ ಹಂಚು ಎತ್ತುವುದು, ಬಲಗೈಯ ಗೇಣುದ್ದದ ಮರದ ಕೋಲಿನಿಂದ ಬಡಿಯುವುದು, ಬಲಕ್ಕೋ ಎಡಕ್ಕೋ ಇಡುವುದು. ಇದೆಲ್ಲ ನಾನು ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ. ಅದರ ನಡುವೆ ಬಾಯಿಗೆ ಮಾತ್ರ ಬಿಡುವಿಲ್ಲ. ಪಕ್ಕದ ಹೆಂಗಸಿನ ಜೊತೆ ಬಂಗುಡೆ ಮೀನಿನ ಸಾರಿನಿಂದ ಹಿಡಿದು ಮಗಳ ಅತ್ತೆಯವರೆಗೆ ಎಲ್ಲವೂ ಬರುತ್ತಿತ್ತು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಹೇಗೆ ಗೊತ್ತಾಗ್ತದೆ ಗುಲಾಬಿ ಅಕ್ಕ?" ಎಂದು ಕೇಳಿದೆ.

"ಕಿವಿ ಉಂಟಲ್ಲ ಮಗಾ. ಹಂಚೇ ಹೇಳ್ತದೆ. ನಿಮಗೆ ಇದು ಎಂತಕ್ಕೆ?"

"ಮಿಷನಿಗೆ ಕಲಿಸ್ಲಿಕ್ಕೆ."

ಆಕೆ ನಕ್ಕ ರಭಸಕ್ಕೆ ಕೈಯಲ್ಲಿದ್ದ ಹಂಚು ಬೀಳುವುದೊಂದು ಬಾಕಿ. "ನನ್ನ ಸೊಸೆಗೆ ಕಲಿಸ್ಲಿಕ್ಕೆ ಆಗಲಿಲ್ಲ, ಮಿಷನಿಗೆ ಕಲಿಸ್ತಾರಂತೆ!"

ಮನೆಯಲ್ಲೂ ಅದೇ ನಗು. ಅಪ್ಪನದು ಉರ್ವ ಮಾರ್ಕೆಟಿನ ಹತ್ತಿರ ಹೋಟೆಲು. ಗಿರಾಕಿಗಳ ಎದುರೇ, "ನಮ್ಮ ಹುಡುಗಿ ಮೆದುಳಿನ ವಿದ್ಯೆ ಕಲೀಲಿಕ್ಕೆ ಹಂಚಿನ ಫ್ಯಾಕ್ಟರಿಗೆ ಹೋಗ್ತಾಳೆ" ಎಂದು ಹೇಳಿ ನಗಿಸುತ್ತಿದ್ದರು. ಆದರೂ ಗೂಡು ತೆರೆಯುವ ದಿನಗಳಂದು ನನಗೊಂದು ಬುತ್ತಿಯನ್ನು ಅವರೇ ಕಟ್ಟಿಸಿ ಕೊಡುತ್ತಿದ್ದರು.

ಯಂತ್ರ ಸಿಕ್ಕಿದ್ದು ಉಳ್ಳಾಲದಲ್ಲಿ, ರಫೀಕನ ಮನೆಯಲ್ಲಿ. ರಫೀಕ್ ಬಿ.ಎಸ್ಸಿ.ಯಲ್ಲಿ ನನ್ನ ಕ್ಲಾಸಿನವನು. ಆಗ ಬಂದರಿನಲ್ಲಿ ತಂದೆಯ ಸಾಂಬಾರ ಪದಾರ್ಥಗಳ ಅಂಗಡಿ ನೋಡಿಕೊಳ್ಳುತ್ತ, ಕೈಗೆ ಸಿಕ್ಕಿದ ರೇಡಿಯೋ ಎಲ್ಲ ಬಿಚ್ಚಿ ಹಾಕುತ್ತಿದ್ದ. ದುಬೈಯಲ್ಲಿದ್ದ ಅವನ ಅಣ್ಣ ಮಕ್ಕಳ ಆಟಕ್ಕೆಂದು ಒಂದು ಪುಟ್ಟ ಕಂಪ್ಯೂಟರ್ ಕಳಿಸಿದ್ದ. ಒಂದು ಪುಸ್ತಕದಷ್ಟೇ ದೊಡ್ಡದು, ರಬ್ಬರಿನ ಗುಂಡಿಗಳು, ಟಿ.ವಿ.ಗೆ ಜೋಡಿಸಬೇಕು. ಪ್ರೋಗ್ರಾಮು ಕ್ಯಾಸೆಟ್ಟಿನಲ್ಲಿ. ಟೇಪ್‌ರೆಕಾರ್ಡರು ಕೀಂ ಕೊರ್ ಎಂದು ಐದು ನಿಮಿಷ ಕಿರುಚಿದ ಮೇಲೆ ಪರದೆಯಲ್ಲಿ ಏನಾದರೂ ಮೂಡುತ್ತಿತ್ತು.

ನಾನು ಹೇಳಿದ್ದನ್ನು ಕೇಳಿದ ರಫೀಕ್ ಅಂಗಡಿಯ ಗಲ್ಲಾದಿಂದ ಎದ್ದೇ ನಿಂತ. "ಮಾರಾಯ್ತಿ, ಅದು ಕ್ಯಾಸೆಟ್ಟನ್ನು ಕಿವಿಯಿಂದಲೇ ಓದುವುದಲ್ವಾ! ಪ್ರೋಗ್ರಾಮಿನ ಬದಲು ಹಂಚಿನ ಶಬ್ದ ಕೇಳಿಸಿದ್ರೆ?"

ಆ ಒಂದು ಮಾತಿಗೆ ಅವನಿಗೆ ನಾನು ಜನ್ಮವಿಡೀ ಋಣಿ. ಆ ಯಂತ್ರಕ್ಕೆ ಕೇಳುವುದು ಬಹಳ ಕಡಿಮೆ. ಶಬ್ದ ಒಂದು ಮಟ್ಟ ದಾಟಿದರೆ ಉಂಟು, ದಾಟದಿದ್ದರೆ ಇಲ್ಲ, ಅಷ್ಟೇ. ಆದರೆ ಒಂದು ಪೆಟ್ಟಿನ ಶಬ್ದವನ್ನು ಎಂಟು ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಆ ಉಂಟು-ಇಲ್ಲ ಎಷ್ಟು ಸಲ ಬದಲಾಯಿತು ಎಂದು ಎಣಿಸಬಹುದು. ಎಂಟು ಸಂಖ್ಯೆಗಳು. ಪಂಚಾಯಿತಿಯಲ್ಲಿ ಎಂಟು ಜನ ಕೂತ ಹಾಗೆ. ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ನಮ್ಮ ಒಂಟಿ ನರಕೋಶ ತಪ್ಪು ಮಾಡುತ್ತ ಮಾಡುತ್ತ ಕಲಿಯಬೇಕು.

ಏಪ್ರಿಲ್ ಇಡೀ ನಾನು ಎರಡು ಹೊಳೆಗಳ ನಡುವೆ ಓಡಾಡಿದೆ. ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ರಫೀಕನ ಟೇಪ್‌ರೆಕಾರ್ಡರು ಹಿಡಿದು ಕೂರುವುದು. ರೆಕಾರ್ಡಿಂಗಿನ ಶಬ್ದದ ಮಟ್ಟ ಬದಲಾಗದಂತೆ ಅದರ ಗುಂಡಿಗೆ ಟೇಪು ಅಂಟಿಸಿದ್ದೆವು. ಗುಲಾಬಿ ಅಕ್ಕ ಬಡಿದು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು: ಒಳ್ಳೆಯದು, ಒಳ್ಳೆಯದು, ಒಡಕು. ಮಧ್ಯಾಹ್ನ ಬಸ್ಸು ಹತ್ತಿ, ಸೇತುವೆ ದಾಟಿ, ಬೆವರಿನಲ್ಲಿ ಅದ್ದಿ ತೆಗೆದ ಹಾಗೆ ಉಳ್ಳಾಲಕ್ಕೆ ಹೋಗುವುದು. ರಫೀಕನ ತಾಯಿಯನ್ನು ನಾನೂ ಉಮ್ಮ ಎನ್ನುತ್ತಿದ್ದೆ. ಉಮ್ಮ ನಮ್ಮ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತ, ಟಿ.ವಿ.ಯಲ್ಲಿ ಹಾಡು ಬರುವ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿದ್ದರು. ಸಂಜೆ ಕಾರ್ಯಕ್ರಮ ಶುರುವಾದರೆ ನಮ್ಮ ಸಂಶೋಧನೆ ಮುಗಿಯಿತು. ಕರೆಂಟು ಹೋದರೆ ಯಂತ್ರ ಕಲಿತದ್ದೆಲ್ಲ ಮರೆತುಬಿಡುತ್ತಿತ್ತು. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಎಂಟೂ ತೂಕಗಳನ್ನು ಕಾಗದದಲ್ಲಿ ಬರೆದಿಡುತ್ತಿದ್ದೆವು. "ನಿಮ್ಮ ಮಗು ಇವತ್ತು ಎಂತ ಕಲಿಯಿತು?" ಎಂದು ಉಮ್ಮ ದಿನವೂ ಕೇಳುವರು.

ಮೇ ಎರಡನೆಯ ವಾರದಲ್ಲಿ ಅದು ಕಲಿಯಿತು. ನೂರು ಹಂಚುಗಳ ಶಬ್ದ ಕೇಳಿಸಿ, ತಪ್ಪಿದಾಗೆಲ್ಲ ತಿದ್ದಿ, ಕೊನೆಗೆ ಅದು ಯಾವತ್ತೂ ಕೇಳದ ಹಂಚುಗಳನ್ನು ಕೇಳಿಸಿದೆವು. ಒಳ್ಳೆಯದು. ಸರಿ. ಒಡಕು. ಸರಿ. ಒಡಕು. ಸರಿ. ರಫೀಕ್ ಉಸಿರು ಬಿಡುತ್ತಿರಲಿಲ್ಲ. ಒಂದೂ ತಪ್ಪಿಲ್ಲ! ನಾನು ಎದ್ದು ಕುಣಿದೆ, ನಾಚಿಕೆ ಬಿಟ್ಟು ಕುಣಿದೆ. ಉಮ್ಮ ಅಕ್ಕಿಯ ಮೊರ ಬದಿಗಿಟ್ಟು ನಕ್ಕರು, ಬಿಸಿ ಪತ್ತಿರ್ ತಂದಿಟ್ಟರು. ಅಕ್ಕಿಹಿಟ್ಟಿನ ಆ ರೊಟ್ಟಿಯನ್ನು ನಾನು ಅವತ್ತು ಎಷ್ಟು ತಿಂದೆ ಎಂದು ಹೇಳುವುದಿಲ್ಲ. ಹಿಂದೆ ಬರುವಾಗ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಬಸ್ಸಿನಲ್ಲಿದ್ದವರಿಗೆಲ್ಲ ವಿಷಯ ಹೇಳಿಬಿಡಲೇ ಅನಿಸುತ್ತಿತ್ತು. ಲೋಕದಲ್ಲಿ ನನ್ನಷ್ಟು ಸುಖಿ ಅವತ್ತು ಯಾರೂ ಇರಲಿಲ್ಲ.

ಮೆರೆದದ್ದು ಸರಿಯಾಗಿ ಹನ್ನೆರಡು ದಿನ.

ಕಾಮತರು ಕಮಿಟಿಗೆ ಮೊದಲು ತಾವೊಮ್ಮೆ ನೋಡಬೇಕು ಎಂದರು. ಅಪ್ಪನ ಹೋಟೆಲಿನ ತರಕಾರಿ ಬುಟ್ಟಿಯಲ್ಲಿ ಹನ್ನೆರಡು ಹಂಚು ತುಂಬಿ, ರಫೀಕನನ್ನೂ ಯಂತ್ರವನ್ನೂ ಒಂದು ರಿಕ್ಷಾದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಟಿ.ವಿ. ಕಾಲೇಜಿನದೇ ಇತ್ತು. ಕಾಮತರು, "ನಾನೇ ಬಡೀತೇನೆ" ಎಂದು ಮೊಣಕಾಲಿಗೆ ಬಡಿದು ಪರೀಕ್ಷಿಸುವ ತಮ್ಮ ಸುತ್ತಿಗೆ ತೆಗೆದುಕೊಂಡರು.

ಮೊದಲ ಹಂಚು. ಒಳ್ಳೆಯದು. ಎರಡನೆಯದು. ಒಳ್ಳೆಯದು. ಮೂರು, ನಾಲ್ಕು, ಐದು, ಎಲ್ಲ ಒಳ್ಳೆಯದು. ಕೊನೆಯ ಹಂಚಿನಲ್ಲಿ ಕಣ್ಣಿಗೇ ಕಾಣುವ ಬಿರುಕಿತ್ತು, ಕಿವುಡನಿಗೂ ಕೇಳುವಂತೆ ಟಪ್ ಎಂದಿತು. ಪರದೆಯ ಮೇಲೆ ಮೂಡಿತು: ಒಳ್ಳೆಯದು.

ಕಾಮತರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸುತ್ತಿಗೆಯನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು, "ಗುರುವಾರ ಕಮಿಟಿ. ನಿನ್ನ ಕಪ್ಪೆಗಳನ್ನು ಸೋಮವಾರ ತರ್ಲಿಕ್ಕೆ ಹೇಳ್ತೇನೆ" ಎಂದರು.

ಬುಟ್ಟಿ ಹೊತ್ತು ಹೊರಗೆ ಬಂದು ಕಾಲೇಜಿನ ಕಟ್ಟೆಯ ಮೇಲೆ ಕೂತು ನಾನು ಅತ್ತೆ. ರಫೀಕ್ ಅಳುವವರನ್ನು ಸಮಾಧಾನ ಮಾಡುವ ಜಾತಿಯವನಲ್ಲ. ಆಗ ರಂಜಾನ್ ಶುರುವಾಗಿತ್ತು, ಬಾಯಿ ಒಣಗಿದ್ದರೂ ಅವನು ಸುಮ್ಮನಿರಲಿಲ್ಲ. ಬ್ಯಾಟರಿಯ ಟೇಪ್‌ರೆಕಾರ್ಡರಿನಲ್ಲಿ ಅದೇ ಹಂಚುಗಳನ್ನು ಮೆಲ್ಲಗೊಮ್ಮೆ, ಜೋರಾಗೊಮ್ಮೆ ಬಡಿದು ರೆಕಾರ್ಡು ಮಾಡಿಕೊಂಡ. ಮರುದಿನ ಬೆಳಿಗ್ಗೆಯೇ ಅವನಿಂದ ಹೋಟೆಲಿಗೆ ಫೋನು.

"ನಳಿನೀ, ಇದು ಹಂಚನ್ನು ಕೇಳುವುದೇ ಇಲ್ಲ! ಜೋರು ಬಡಿದ್ರೆ ಒಳ್ಳೇದು ಅಂತದೆ. ಮೆಲ್ಲ ಬಡಿದ್ರೆ ಒಡಕು ಅಂತದೆ. ಅದಕ್ಕೆ ಅಷ್ಟೇ ಗೊತ್ತಿರುವುದು."

"ಹಾಗಾದ್ರೆ ಗುಲಾಬಿ ಅಕ್ಕನ ಹತ್ತಿರ ಹೇಗೆ ಸರಿ ಹೇಳಿತು?"

ಫೋನಿನ ಎರಡೂ ಕಡೆಯಿಂದ ಇಬ್ಬರೂ ಒಟ್ಟಿಗೆ ಮಾತಾಡಿದೆವು, ಯಾರು ಏನು ಹೇಳಿದೆವೆಂದು ಈಗ ನೆನಪಿಲ್ಲ. ಗುಲಾಬಿ ಅಕ್ಕ ಒಳ್ಳೆಯ ಹಂಚಿಗೆ ಜೋರಾಗಿಯೂ ಒಡಕು ಹಂಚಿಗೆ ಮೆಲ್ಲಗೂ ಬಡಿಯುತ್ತಾರೆ ಎಂದಾಯಿತಲ್ಲ! ಬಡಿಯುವ ಮೊದಲೇ ಅವರಿಗೆ ಅದು ಗೊತ್ತಿರಬೇಕಲ್ಲ! ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಅಪ್ಪ, ನಿನ್ನೆ ಅಳುತ್ತಿದ್ದವಳು ಇವತ್ತು ಫೋನಿನ ಮುಂದೆ ಹಾರುವುದನ್ನು ನೋಡಿ ತಲೆ ಚಚ್ಚಿಕೊಂಡರು.

ಫ್ಯಾಕ್ಟರಿಗೆ ಓಡಿದೆ. ಗುಲಾಬಿ ಅಕ್ಕ ಹಂಚು ಎತ್ತಿ, ಕೋಲು ಇನ್ನೇನು ತಾಗಬೇಕು ಎನ್ನುವಾಗ "ನಿಲ್ಲಿ!" ಎಂದು ಕೂಗಿದೆ. ಕೋಲು ಗಾಳಿಯಲ್ಲಿ ನಿಂತಿತು.

"ಎಂತ ಮಗಾ, ಹಾವಾ?"

"ಅಲ್ಲ. ಬಡಿಯದೆ ಹೇಳಿ. ಇದು ಒಳ್ಳೇದಾ ಒಡಕಾ?"

"ಬಡಿಯದೆ ಹೇಗೆ ಹೇಳುವುದು? ನಾನೆಂತ ಮಂತ್ರವಾದಿಯಾ?"

"ಸುಮ್ಮನೆ ಬಾಯಿಗೆ ಬಂದದ್ದು ಹೇಳಿ ಗುಲಾಬಿ ಅಕ್ಕ."

ಆಕೆ ಸಿಟ್ಟಿನಲ್ಲೇ "ಒಡಕು" ಎಂದರು. ಬಡಿದಾಗ ಟಪ್. ಹೀಗೆ ಇಪ್ಪತ್ತು ಹಂಚು ನೋಡಿದೆವು. ಮೂರೇ ಮೂರು ತಪ್ಪಿತು. ಸುತ್ತಲಿನ ಹೆಂಗಸರು ಕೆಲಸ ಬಿಟ್ಟು ನೆರೆದರು. ಎಲ್ಲರಿಗಿಂತ ಹೆಚ್ಚು ಬೆರಗಾದವರು ಗುಲಾಬಿ ಅಕ್ಕನೇ. ಇಪ್ಪತ್ತೆಂಟು ವರ್ಷ ಕಿವಿಯಿಂದ ಎಂದು ನಂಬಿ ಮಾಡಿದ ಕೆಲಸ ಅರ್ಧ ಎಡಗೈಯ ಬೆರಳಿನಲ್ಲೇ ಮುಗಿಯುತ್ತಿತ್ತು. ಅಟ್ಟಿಯಿಂದ ಎಳೆಯುವಾಗ ಒಳಗೆ ಬಿರುಕಿದ್ದ ಹಂಚು ಬೆರಳಿಗೆ ಏನೋ ಹೇಳುತ್ತಿತ್ತು, ಬೆರಳು ಅದನ್ನು ಅವರಿಗೆ ಹೇಳದೆ ನೇರ ಬಲಗೈಗೆ ಹೇಳುತ್ತಿತ್ತು.

"ಮತ್ತೆ ಮೆಲ್ಲಗೆ ಯಾಕೆ ಬಡೀತೀರಿ?"

ಆಕೆ ಕೋಲು ಕೆಳಗಿಟ್ಟು ಬಲಗಾಲಿನ ಹೆಬ್ಬೆರಳು ತೋರಿಸಿದರು. ಅದಕ್ಕೆ ಉಗುರು ಇರಲಿಲ್ಲ. "ಕೆಲಸಕ್ಕೆ ಸೇರಿದ ವರ್ಷ. ಒಡಕು ಹಂಚಿಗೆ ಜೋರು ಬಡಿದೆ. ಎರಡು ತುಂಡಾಗಿ ಕಾಲ ಮೇಲೆ ಬಿತ್ತು. ಆವತ್ತಿನಿಂದ ಕೈ ಹೆದರಿರ್ಬೇಕು. ನನಗೆ ಗೊತ್ತೇ ಇಲ್ಲ ನೋಡಿ."

ನನ್ನ ಯಂತ್ರ ಹಂಚನ್ನು ಓದಲಿಲ್ಲ, ಈ ಹೆಂಗಸಿನ ಕೈಯನ್ನು ಓದಿತ್ತು. ಸುಲಭದ ದಾರಿ ಹಿಡಿದು ಯಾರೂ ಕಾಣದ, ಸ್ವತಃ ಆಕೆಯೇ ಕಾಣದ ಒಂದು ಗುಟ್ಟನ್ನು ಹಿಡಿದು ತಂದಿತ್ತು. ಸೋತೆ ಎಂದುಕೊಂಡ ಜಾಗದಲ್ಲಿ ಮೊದಲಿಗಿಂತ ಹತ್ತು ಪಾಲು ದೊಡ್ಡ ಪ್ರಶ್ನೆ ಕೂತಿತ್ತು. ಮೆದುಳಿಗೆ ತಿಳಿದದ್ದು ಮನುಷ್ಯನಿಗೆ ತಿಳಿಯದೆ ಇರುವುದು ಹೇಗೆ?

ಕಾಮತರ ಮನೆಗೇ ಹೋಗಿ ಹೇಳಿದೆ. ಕೇಳಿ, "ಆ ಅಮ್ಮನನ್ನು ಕಮಿಟಿಗೆ ಕರ್ಕೊಂಡು ಬಾ. ಕಿವಿಗೆ ಹತ್ತಿ ಇಟ್ಟು ನಮ್ಮ ಎದುರು ಮಾಡ್ಲಿ. ಮಾಡಿದ್ರೆ ಒಪ್ತೇನೆ" ಎಂದರು. ನಾನು ಹಾರಿಕೊಂಡು ಬಂದು ಗುಲಾಬಿ ಅಕ್ಕನಿಗೆ ಹೇಳಿದೆ.

ಫ್ಯಾಕ್ಟರಿಯಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದ್ದೆ, ಅದು ಆಮೇಲೆ ಗೊತ್ತಾಯಿತು. ಗುಲಾಬಿ ಅಕ್ಕನಿಗೆ ಎಲ್ಲವನ್ನೂ ವಿವರಿಸಿಬಿಟ್ಟಿದ್ದೆನಲ್ಲ! ಬುಧವಾರ ಫ್ಯಾಕ್ಟರಿಗೆ ಹೋದರೆ ಆಕೆ ಬಾಯಿ ಮುಚ್ಚಿಕೊಂಡು ಎಡಗೈಯ ಬೆರಳನ್ನೇ ನೋಡುತ್ತ ಕೂತಿದ್ದರು. ಒಂದು ಹಂಚಿಗೆ ಅರ್ಧ ನಿಮಿಷ. ಒಡಕನ್ನು ಒಳ್ಳೆಯದರ ಕಡೆ ಇಟ್ಟದ್ದಕ್ಕೆ ಫ್ಯಾಕ್ಟರಿಯ ಲೆಕ್ಕ ಬರೆಯುವ ರೈಟರ್ ಬೈದು ಹೋಗಿದ್ದರು.

"ಎಂತ ಮಾಡಿ ಹಾಕಿದ್ರಿ ಮಗಾ? ಈಗ ಎತ್ತುವಾಗ ಬೆರಳು ಎಂತ ಹೇಳ್ತದೆ ಅಂತ ಕೇಳ್ಲಿಕ್ಕೆ ಹೋದ್ರೆ ಅದು ಎಂತದೂ ಹೇಳುವುದಿಲ್ಲ." ಆಕೆಯ ಕಣ್ಣಲ್ಲಿ ನೀರಿತ್ತು. ಕಪ್ಪೆ, ಕಮಿಟಿ ಎಲ್ಲ ನನ್ನ ತಲೆಯಿಂದ ಹೋಯಿತು. ನನ್ನ ಉತ್ಸಾಹಕ್ಕೆ ಒಬ್ಬರ ಕೈಕೆಲಸವನ್ನೇ ಕೆಡಿಸಿದ್ದೆ. ನಾಳೆ ಬರುವುದು ಬೇಡ, ನಾನು ಕಪ್ಪೆಯನ್ನೇ ಕೊಯ್ಯುತ್ತೇನೆ ಎಂದೆ.

ಗುಲಾಬಿ ಅಕ್ಕ ಮೂಗು ಒರೆಸಿಕೊಂಡರು. "ಸೀರೆ ಇಸ್ತ್ರಿಗೆ ಕೊಟ್ಟಾಗಿದೆ. ಬರ್ತೇನೆ."

ಗುರುವಾರ ಆಕಾಶ ಕಪ್ಪು ಕಟ್ಟಿ, ಗಾಳಿಯೇ ಇಲ್ಲದೆ ಜನ ಬೆಂದು ಹೋಗುತ್ತಿದ್ದರು. ನೀಲಿ ಸೀರೆ ಉಟ್ಟು ಅಬ್ಬಲಿಗೆ ಮುಡಿದ ಗುಲಾಬಿ ಅಕ್ಕ ಲ್ಯಾಬಿನ ಮೇಜಿನ ಮುಂದೆ ಕೂತರು. ಎದುರಿಗೆ ಕಾಮತರು, ಇನ್ನಿಬ್ಬರು ಪ್ರೊಫೆಸರುಗಳು. ಮೂಲೆಯಲ್ಲಿ ಬಲೆ ಮುಚ್ಚಿದ ಒಂದು ತಗಡಿನ ಡಬ್ಬಿ. ಒಳಗೆ ನನ್ನ ಕಪ್ಪೆಗಳು. ಕಾಮತರು ಹೇಳಿದ ಹಾಗೆ ಸೋಮವಾರವೇ ಬಂದಿದ್ದವು.

ಕಿವಿಗೆ ಹತ್ತಿ ತುರುಕಿದೆವು. ಆಕೆ ಮೊದಲ ಹಂಚು ಎತ್ತಿದರು. ನೋಡಿದರು. ತಿರುಗಿಸಿದರು. "ಗೊತ್ತಾಗುವುದಿಲ್ಲ" ಎಂದರು. ಎರಡನೆಯದನ್ನು ಒಳ್ಳೆಯದು ಎಂದರು. ಕಾಮತರು ಸುತ್ತಿಗೆಯಲ್ಲಿ ಬಡಿದಾಗ ಟಪ್. ಪ್ರೊಫೆಸರುಗಳು ಮುಖ ಮುಖ ನೋಡಿಕೊಂಡರು. ಒಬ್ಬರು ವಾಚು ನೋಡಿದರು.

ಆಗ ಹೊಳೆಯಿತು. ಫ್ಯಾಕ್ಟರಿಯಲ್ಲಿ ಈ ಹೆಂಗಸು ಬಾಯಿ ಮುಚ್ಚಿ ಒಂದು ಹಂಚಾದರೂ ನೋಡಿದ್ದುಂಟೇ? ಓಡಿ ಹೋಗಿ ಹತ್ತಿ ಕಿತ್ತೆಸೆದೆ.

"ಗುಲಾಬಿ ಅಕ್ಕ, ನಿಮ್ಮ ಮಗಳ ಅತ್ತೆಯ ವಿಷಯ ಸಾರಿಗೆ ಹೇಳಿ."

"ಇವರಿಗಾ? ಎಂತಕ್ಕೆ?"

"ಇವರಿಗೂ ಸೊಸೆ ಬರ್ಲಿಕ್ಕಿದ್ದಾಳೆ. ತಿಳ್ಕೊಳ್ಳಲಿ."

ಗುಲಾಬಿ ಅಕ್ಕ ಕಾಮತರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಅಯ್ಯೋ, ಅದನ್ನು ಕೇಳ್ಬೇಡಿ ಸಾರ್," ಎಂದು ಶುರು ಮಾಡಿದರು. ಆ ಅತ್ತೆ ಬಸ್ರೂರಿನಿಂದ ಬಂದ ಮಲ್ಲಿಗೆ ಮಾಲೆಯನ್ನು ಬಚ್ಚಿಟ್ಟದ್ದು, ಹಬ್ಬದ ದಿನ ಮಗಳಿಗೆ ಬಂಗುಡೆಯ ತಲೆ ಮಾತ್ರ ಬಡಿಸಿದ್ದು, ಮಗಳು ತಟ್ಟೆಯನ್ನು ಹಾಗೇ ಗಂಡನ ಮುಂದೆ ತಂದಿಟ್ಟದ್ದು. ತುಳು, ಕನ್ನಡ ಎರಡೂ ಬೆರೆಸಿ, ಮೂವರಿಗೂ ಸರತಿಯಲ್ಲಿ ಕಣ್ಣು ಕೊಟ್ಟು ಹೇಳುತ್ತಿದ್ದರು. ಕಾಮತರು ಬಾಯಿ ತೆರೆದು ಕೇಳುತ್ತಿದ್ದರು. ಯಾರೂ ಹೇಳದೆ ಆಕೆಯ ಎಡಗೈ ಅಟ್ಟಿಯಿಂದ ಹಂಚು ಎತ್ತತೊಡಗಿತು. ಬಡಿಯಲು ಕೋಲು ಇರಲಿಲ್ಲ. ಬಲಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಒಂದು ಸಲವೂ ಕೆಳಗೆ ನೋಡಲಿಲ್ಲ. ಮಗಳು ಬೇರೆ ಮನೆ ಮಾಡುವ ಹೊತ್ತಿಗೆ ಮೇಜಿನ ಮೇಲೆ ಎರಡು ರಾಶಿಗಳಿದ್ದವು.

ಕಾಮತರು ಎದ್ದು ಬಂದು ಒಂದೊಂದನ್ನೂ ಸುತ್ತಿಗೆಯಿಂದ ಬಡಿದರು. ಬಲಗಡೆಯದು ಟಿಣ್, ಟಿಣ್, ಟಿಣ್. ಎಡಗಡೆಯದು ಟಪ್, ಟಪ್. ಅಷ್ಟೂ ಹಂಚುಗಳಲ್ಲಿ ಒಂದೇ ಒಂದು ತಪ್ಪು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ತೋಚಲಿಲ್ಲ.

ಗುಲಾಬಿ ಅಕ್ಕ ರಾಶಿಗಳನ್ನು ಈಗಷ್ಟೇ ಕಂಡವರಂತೆ ನೋಡಿದರು. "ಕೈ ವಾಪಸ್ಸು ಬಂತು ಮಗಾ" ಎಂದರು.

ಕಾಮತರು ಸುತ್ತಿಗೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಸಹಿ ಹಾಕುವ ಕಾಗದ ಹತ್ತಿರ ಎಳೆದುಕೊಂಡು, ತಲೆ ಎತ್ತದೆ, "ನಳಿನಿ, ಆ ಡಬ್ಬಿ ತಕ್ಕೊಂಡು ಹೋಗಿ ಹಿಂದಿನ ಗದ್ದೆಯಲ್ಲಿ ಬಿಟ್ಟು ಬಾ" ಎಂದರು.

ನಾನೂ ಗುಲಾಬಿ ಅಕ್ಕನೂ ಡಬ್ಬಿಯ ಒಂದೊಂದು ಕಿವಿ ಹಿಡಿದು ಹಿಂಬದಿಗೆ ಇಳಿದೆವು. ದೊಡ್ಡ ದೊಡ್ಡ ಹನಿ ಬೀಳತೊಡಗಿತ್ತು, ಆ ವರ್ಷದ ಮೊದಲ ಮಳೆ. ಡಬ್ಬಿ ಓರೆ ಮಾಡಿದೊಡನೆ ಕಪ್ಪೆಗಳು ಒಂದರ ಹಿಂದೊಂದು ಕೆಸುವಿನ ಗಿಡಗಳ ಕಡೆಗೆ ಹಾರಿದವು. ಒಂದು ಮಾತ್ರ ತಳದಲ್ಲೇ ಕೂತಿತ್ತು. ನಾನು ಡಬ್ಬಿಯನ್ನು ಕುಲುಕಿದೆ, ಅದು ಕದಲಲಿಲ್ಲ.

"ಹಾಗಲ್ಲ," ಎಂದರು ಗುಲಾಬಿ ಅಕ್ಕ. ಬಗ್ಗಿ, ತಗಡಿಗೆ ಬೆರಳ ಗೆಣ್ಣಿನಿಂದ ಒಂದೇ ಒಂದು ಪೆಟ್ಟು ಕೊಟ್ಟರು. ಎಷ್ಟು ಮೆಲ್ಲಗೆಂದರೆ, ಮಳೆಯಲ್ಲಿ ನನಗೆ ಅದು ಕೇಳಿಸಲೇ ಇಲ್ಲ.

ಕಪ್ಪೆ ಹಾರಿತು.